ಹಾಂಗ್‌ಕಾಂಗಿನ ಭಾನುವಾರ, ತಾಯ್ನಾಡಿಗೊಂದು ಮತ

ಹಾಂಗ್‌ಕಾಂಗ್ ಎಂದೊಡನೆ ನಿಮಗೆ ಏನು ನೆನಪಾಗುತ್ತದೆ? ಮುಗಿಲು ಮುಟ್ಟುವ ಕಟ್ಟಡಗಳು, ಹಡಗು ತುಂಬಿದ ಬಂದರು, ಕೈಗಡಿಯಾರ, ಕೊಡೆ, ಬಗೆಬಗೆಯ ಅಂಗಡಿಗಳು... ಅಲ್ಲಿಗೆ ಹೋಗಿ ಬಂದವರು ಯಾರನ್ನೇ ಕೇಳಿ ನೋಡಿ. ವಿಕ್ಟೋರಿಯಾ ಶಿಖರ ಹತ್ತಿದ್ದು, ಲಾಂಟೌ ದ್ವೀಪದ ದೊಡ್ಡ ಬುದ್ಧನಿಗೆ ಕೈ ಮುಗಿದದ್ದು, ಸ್ಟಾರ್ ಫೆರಿಯಲ್ಲಿ ಆಚೆ ದಡಕ್ಕೆ ಹೋಗಿ ದೀಪದ ಸಾಲು ನೋಡಿದ್ದು, ಇದನ್ನೇ ಹೇಳುತ್ತಾರೆ. ಅದನ್ನೆಲ್ಲ ನಾನೂ ನೋಡಿದೆ, ಸೊಗಸಾಗಿಯೇ ಇದೆ. ಆದರೆ ಪ್ರವಾಸಿಗರು ಪಕ್ಕದಲ್ಲೇ ಹಾದುಹೋದರೂ ನಿಂತು ನೋಡದ ಒಂದು ನೋಟ ಆ ಊರಿನಲ್ಲಿದೆ. ಅದು ಭಾನುವಾರದ ನೋಟ. 2016ರಲ್ಲಿ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದಾಗ ನಾನು ಅದನ್ನು ಕಂಡೆ. ಆ ವರ್ಷ ಆ ಭಾನುವಾರಗಳಿಗೆ ಒಂದು ಚುನಾವಣೆಯೂ ಸೇರಿಕೊಂಡಿತ್ತು. ಹಾಂಗ್‌ಕಾಂಗಿನ ಚುನಾವಣೆಯಲ್ಲ, ನಮ್ಮದೂ ಅಲ್ಲ. ಸಮುದ್ರದಾಚೆಯ ಫಿಲಿಪ್ಪೀನ್ಸ್ ದೇಶದ್ದು!

ಹೆಂಗಸರ ಭಾನುವಾರ

ಊರಿನ ನಟ್ಟನಡುವೆ ಸೆಂಟ್ರಲ್ ಎಂಬ ಪ್ರದೇಶವಿದೆ. ದೊಡ್ಡ ದೊಡ್ಡ ಬ್ಯಾಂಕುಗಳು, ಕಚೇರಿಗಳು ಎಲ್ಲ ಅಲ್ಲೇ. ವಾರದ ದಿನಗಳಲ್ಲಿ ಕೋಟು ತೊಟ್ಟವರ ಓಡಾಟ ನೋಡಿದರೆ ನಮ್ಮಂಥವರಿಗೆ ಕಾಲಿಡಲೂ ಅಂಜಿಕೆ. ಭಾನುವಾರ ಬೆಳಗಾಯಿತೋ, ಅಲ್ಲಿನ ಚೇಟರ್ ರಸ್ತೆಗೆ ವಾಹನ ಬಂದ್. ನಾಲ್ಕೂ ದಿಕ್ಕಿನಿಂದ ಹೆಂಗಸರು ಬರತೊಡಗುತ್ತಾರೆ. ಹತ್ತಲ್ಲ, ನೂರಲ್ಲ, ಸಾವಿರಗಟ್ಟಲೆ! ರಟ್ಟಿನ ಪೆಟ್ಟಿಗೆ ಬಿಡಿಸಿ ನೆಲಕ್ಕೆ ಹಾಸಿ, ಚಪ್ಪಲಿ ಪಕ್ಕಕ್ಕೆ ಬಿಟ್ಟು, ಬುತ್ತಿ ಬಿಚ್ಚಿ ಕೂತುಬಿಡುತ್ತಾರೆ. ಎಚ್‌ಎಸ್‌ಬಿಸಿ ಬ್ಯಾಂಕಿನ ಮಹಾ ಕಟ್ಟಡದ ಬುಡ ತೆರೆದ ಅಂಗಳದ ಹಾಗಿದೆ. ಅಲ್ಲೂ ಅವರೇ. ಸ್ಟ್ಯಾಚ್ಯೂ ಸ್ಕ್ವೇರ್ ಎಂಬ ಚೌಕದಲ್ಲೂ ಅವರೇ.

ಒಬ್ಬಳು ಇನ್ನೊಬ್ಬಳ ತಲೆ ಬಾಚುತ್ತಿರುತ್ತಾಳೆ. ಒಂದು ಗುಂಪು ಇಸ್ಪೀಟು, ಇನ್ನೊಂದು ಗುಂಪು ಹಾಡು, ಕುಣಿತ. ಕೆಲವರು ಊರಿಗೆ ಕಳುಹಿಸುವ ದೊಡ್ಡ ಪೆಟ್ಟಿಗೆಗೆ ಸೋಪು, ಬಟ್ಟೆ, ಚಾಕೊಲೇಟು ತುಂಬಿ ಟೇಪು ಸುತ್ತುತ್ತಿರುತ್ತಾರೆ. ಎಷ್ಟೋ ಜನ ಫೋನು ಎದುರಿಗೆ ಹಿಡಿದು ಮಕ್ಕಳ ಮುಖ ನೋಡುತ್ತ ಮಾತಾಡುತ್ತಿರುತ್ತಾರೆ. ಗಂಡಸರೇ ಇಲ್ಲದ ಜಾತ್ರೆ ಅಂದುಕೊಳ್ಳಿ.

ಇವರೆಲ್ಲ ಯಾರು ಅಂತೀರಾ? ಮನೆಗೆಲಸಕ್ಕೆಂದು ಪರದೇಶಕ್ಕೆ ಬಂದವರು. 2016ರಲ್ಲಿ ಹಾಂಗ್‌ಕಾಂಗಿನಲ್ಲಿ ಇಂಥವರು ಮೂರೂವರೆ ಲಕ್ಷದಷ್ಟಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಫಿಲಿಪ್ಪೀನ್ಸಿನವರು, ಉಳಿದವರಲ್ಲಿ ಬಹುಪಾಲು ಇಂಡೋನೇಷ್ಯಾದವರು. ಎರಡೆರಡು ವರ್ಷದ ಕರಾರು. ಕಾನೂನಿನ ಪ್ರಕಾರ ಯಜಮಾನರ ಮನೆಯಲ್ಲೇ ವಾಸ. ಏಳು ದಿನಕ್ಕೆ ಒಂದು ದಿನ ರಜೆ. ಆಗ ತಿಂಗಳಿಗೆ ಕನಿಷ್ಠ ಸಂಬಳ 4,210 ಹಾಂಗ್‌ಕಾಂಗ್ ಡಾಲರು, ಅಂದಿನ ಲೆಕ್ಕದಲ್ಲಿ ನಮ್ಮ ಸುಮಾರು 36 ಸಾವಿರ ರೂಪಾಯಿ. ಕೇಳುವುದಕ್ಕೆ ದೊಡ್ಡ ಮೊತ್ತವೇ. ಆದರೆ ಹಾಂಗ್‌ಕಾಂಗಿನ ಮನೆಗಳು ಬೆಂಕಿಪೊಟ್ಟಣದ ಹಾಗಿರುತ್ತವೆ. ಸ್ವಂತ ಕೋಣೆಯಿಲ್ಲದೆ ಮಕ್ಕಳ ಕೋಣೆಯಲ್ಲೋ ಅಡಿಗೆಮನೆಯ ಪಕ್ಕದಲ್ಲೋ ಮಲಗುವವರು ಎಷ್ಟೋ ಮಂದಿ. ವಾರವಿಡೀ ಇನ್ನೊಬ್ಬರ ಮನೆ, ಇನ್ನೊಬ್ಬರ ಮಗು, ಇನ್ನೊಬ್ಬರ ರುಚಿಗೆ ಅಡಿಗೆ. ಭಾನುವಾರದ ಆ ಎರಡು ಮೊಳ ರಟ್ಟು ಒಂದೇ ಅವರ ಸ್ವಂತ ಜಾಗ.

‘ಆತೆ’ ಎಂದರೆ ಅಕ್ಕ

ನಮ್ಮ ಮಗಳ ಮನೆಯಲ್ಲೂ ಫಿಲಿಪ್ಪೀನ್ಸಿನ ಒಬ್ಬಾಕೆ ಇದ್ದಳು. ಮಗಳು, ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ಮೊಮ್ಮಗನನ್ನು ಶಾಲೆಗೆ ಬಿಡುವುದು, ಕರೆತರುವುದು ಎಲ್ಲ ಇವಳದೇ. ಮಗು ಅವಳನ್ನು ‘ಆತೆ’ ಅನ್ನುತ್ತಿತ್ತು. ನಮ್ಮ ಕಿವಿಗೆ ‘ಅತ್ತೆ’ ಅಂದ ಹಾಗೆಯೇ ಕೇಳುತ್ತದೆ! ಅವರ ಭಾಷೆಯಲ್ಲಿ ಆತೆ ಎಂದರೆ ಅಕ್ಕ. ಮುಖಕ್ಕೆ ಅವರೂ ‘ಮುಖಾ’ ಅನ್ನುತ್ತಾರೆ, ಉಪಾಧ್ಯಾಯರಿಗೆ ‘ಗುರೋ’. ಸಂಸ್ಕೃತದ ಶಬ್ದಗಳು ಯಾವ ಕಾಲದಲ್ಲೋ ಹಡಗು ಹತ್ತಿ ಅಲ್ಲಿಗೆ ಹೋಗಿವೆ. ನಮ್ಮದು ತಿಪಟೂರು, ತೆಂಗಿನ ಸೀಮೆ. ಅವಳ ಊರು ಇಲೋಯಿಲೋ ಪ್ರಾಂತ್ಯದ ಒಂದು ಹಳ್ಳಿ. ಅಲ್ಲೂ ತೆಂಗು, ಅಲ್ಲೂ ಕೊಬ್ಬರಿ. ಅದಕ್ಕೆ ಅವರು ‘ಕೊಪ್ರಾ’ ಅನ್ನುತ್ತಾರೆ. ಇಷ್ಟು ಸಾಲದೇ, ಅಡಿಗೆಮನೆಯಲ್ಲಿ ಇಬ್ಬರು ಹೆಂಗಸರಿಗೆ ಸ್ನೇಹವಾಗುವುದಕ್ಕೆ? ನನ್ನ ಹೈಸ್ಕೂಲು ಇಂಗ್ಲಿಷು, ಅವಳ ಸರಾಗ ಇಂಗ್ಲಿಷು, ನಡುವೆ ಒಂದಷ್ಟು ಕೈಸನ್ನೆ. ಮಾತಿಗೇನೂ ಕೊರತೆಯಾಗಲಿಲ್ಲ.

ಅವಳಿಗೆ ಇಬ್ಬರು ಮಕ್ಕಳು. ಮಗನಿಗೆ ಆಗ ಹದಿನಾಲ್ಕು, ಮಗಳಿಗೆ ಹತ್ತು. ಅಜ್ಜಿಯ ಹತ್ತಿರ ಬೆಳೆಯುತ್ತಿದ್ದರು. ಇವಳು ಹಾಂಗ್‌ಕಾಂಗಿಗೆ ಬಂದು ಒಂಬತ್ತು ವರ್ಷ. ಕರಾರು ಮುಗಿದಾಗಲೊಮ್ಮೆ ಊರಿಗೆ ಹೋಗಿ ಬರುವುದು. ಅಂದರೆ ಒಂಬತ್ತು ವರ್ಷದಲ್ಲಿ ಮಕ್ಕಳ ಮುಖ ಎದುರಿಗೆ ಕಂಡದ್ದು ನಾಲ್ಕೇ ಸಲ. ಇದನ್ನು ಅವಳು ಅಕ್ಕಿ ತೊಳೆಯುತ್ತಾ ಹೇಳಿದಾಗ ನಾನು ಏನೂ ಹೇಳಲಾರದೆ ಹುರುಳಿಕಾಯಿ ನಾರು ತೆಗೆಯುತ್ತಾ ಕೂತೆ.

ಏಪ್ರಿಲ್ ಮೊದಲ ವಾರದಿಂದಲೇ ಅವಳ ಫೋನಿನಲ್ಲಿ ಬರೀ ಚುನಾವಣೆಯ ಸುದ್ದಿ. ಪಾತ್ರೆ ತೊಳೆಯುವಾಗ ಒಂದು ಕಿವಿಯಲ್ಲಿ ಭಾಷಣ, ಇಸ್ತ್ರಿ ಹಾಕುವಾಗ ಚರ್ಚೆ. ಅವರಲ್ಲಿ ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸುತ್ತಾರೆ, ಆರು ವರ್ಷಕ್ಕೊಮ್ಮೆ. ಉಪಾಧ್ಯಕ್ಷರಿಗೆ ಬೇರೆಯೇ ಮತ. ಆ ಸಲದ ಮತದಾನ ಮೇ 9ಕ್ಕೆ. ಆದರೆ ಹೊರದೇಶಗಳಲ್ಲಿ ಇರುವವರಿಗೆ ಏಪ್ರಿಲ್ 9ರಿಂದಲೇ, ಒಂದು ತಿಂಗಳು ಪೂರ್ತಿ, ಅವರು ಇರುವ ಊರಿನಲ್ಲೇ ಮತ ಹಾಕುವ ಏರ್ಪಾಡು.

‘‘ಇಷ್ಟು ದೂರ ಬಂದ ಮೇಲೆ ಓಟು ಗೀಟು ಯಾತಕ್ಕೆ? ಇರುವ ಒಂದು ರಜೆ ಹಾಳಲ್ಲವೇ?’’ ಅಂತ ಕೇಳಿದೆ. ಅವಳು ಕೈ ಒರೆಸಿಕೊಂಡು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. ‘‘ಅಮ್ಮಾ, ಊರಿನಲ್ಲಿ ಎಲ್ಲರಿಗೂ ನಾನು ಅಂದರೆ ತಿಂಗಳ ಕೊನೆಯಲ್ಲಿ ಬರುವ ಹಣ. ಮತದಾರರ ಪಟ್ಟಿಯಲ್ಲಿ ಮಾತ್ರ ನಾನು ಒಂದು ಹೆಸರು.’’

ಡಿಂಗ್ ಡಿಂಗ್ ಟ್ರಾಮಿನಲ್ಲಿ

ಏಪ್ರಿಲ್ 17, ಭಾನುವಾರ. ‘‘ನೀವೂ ಬನ್ನಿ, ಟ್ರಾಮಿನಲ್ಲಿ ಹೋಗೋಣ’’ ಅಂದಳು. ಊರು ನೋಡುವ ಆಸೆ ನನಗೂ ಇತ್ತು, ಹೊರಟೆ.

ಹಾಂಗ್‌ಕಾಂಗಿಗೆ ಹೋದರೆ ಈ ಟ್ರಾಮು ಹತ್ತುವುದನ್ನು ಮರೆಯಬೇಡಿ. 1904ರಿಂದ ಓಡುತ್ತಿದೆ. ಎರಡು ಅಂತಸ್ತಿನ, ನಾಲ್ಕು ಜನ ಸರಿಯಾಗಿ ಕಾಲು ಚಾಚಲಾರದಷ್ಟು ಸಪೂರ ಗಾಡಿ. ಗಂಟೆಯ ಸದ್ದಿನಿಂದಾಗಿ ಊರಿನವರು ಅದಕ್ಕೆ ಇಟ್ಟ ಹೆಸರು ‘ಡಿಂಗ್ ಡಿಂಗ್’. ಹಿಂದಿನ ಬಾಗಿಲಲ್ಲಿ ಹತ್ತಬೇಕು, ಮುಂದಿನ ಬಾಗಿಲಲ್ಲಿ ಇಳಿಯುವಾಗ ಚಾರ್ಜು ಹಾಕಬೇಕು. ಆಗ ಎಷ್ಟು ದೂರ ಹೋದರೂ 2 ಡಾಲರು 30 ಸೆಂಟು, ವಯಸ್ಸಾದವರಿಗೆ ಇನ್ನೂ ಕಡಿಮೆ. ಮಹಡಿಯ ಮುಂದಿನ ಕಿಟಕಿ ಸಿಕ್ಕಿತೋ, ಸಿನಿಮಾ ನೋಡಿದ ಹಾಗೆ!

ಸೆಂಟ್ರಲ್‌ನಿಂದ ಪಶ್ಚಿಮಕ್ಕೆ ಹೊರಟರೆ ಗಾಜಿನ ಕಟ್ಟಡಗಳು ಹಿಂದಾಗುತ್ತವೆ. ಶುಂಗ್‌ವಾನ್ ದಾಟುತ್ತಿದ್ದಂತೆ ಹಳೆಯ ಊರು ಶುರು. ರಸ್ತೆಯುದ್ದಕ್ಕೂ ಒಣಗಿಸಿದ ಮೀನು, ಸಿಗಡಿ, ಅಣಬೆ, ಬೇರುಗಳನ್ನು ರಾಶಿ ಹಾಕಿದ ಅಂಗಡಿಗಳು. ನಮ್ಮಂಥ ಸಸ್ಯಾಹಾರಿಗಳಿಗೆ ಸೆರಗು ಮೂಗಿಗೆ ಹಿಡಿಯುವುದೇ ಗತಿ. ಬಿದಿರು ಕಟ್ಟಿ ಬಣ್ಣ ಹೊಡೆಯುವವರು, ಕಿಟಕಿಯಿಂದ ಚಾಚಿದ ಕೋಲಿನಲ್ಲಿ ಒಣಗುವ ಬಟ್ಟೆಗಳು, ಸಂದಿಯಲ್ಲಿ ಫಕ್ಕನೆ ಕಾಣುವ ಸಮುದ್ರ... ನೋಡುತ್ತಾ ನೋಡುತ್ತಾ ಕೊನೆಯ ನಿಲ್ದಾಣ ಬಂತು, ಕೆನೆಡಿ ಟೌನ್. 1870ರ ದಶಕದಲ್ಲಿ ಅಲ್ಲಿ ಬ್ರಿಟಿಷ್ ಗವರ್ನರನಾಗಿದ್ದ ಆರ್ಥರ್ ಕೆನೆಡಿಯ ಹೆಸರು ಅದು.

ಟ್ರಾಮಿಳಿದ ಹೆಂಗಸರೆಲ್ಲ ಒಂದೇ ದಿಕ್ಕಿಗೆ ಹೆಜ್ಜೆ ಹಾಕಿದರು. ವಿಕ್ಟೋರಿಯಾ ರಸ್ತೆಯಲ್ಲಿ ‘ಬಯಾನಿಹಾನ್ ಕೇಂದ್ರ’ ಎಂಬ ಕಟ್ಟಡವಿದೆ. ಬೇರೆ ದಿನಗಳಲ್ಲಿ ಫಿಲಿಪ್ಪೀನ್ಸಿನ ಹೆಂಗಸರು ಹೊಲಿಗೆಯೋ ಕಂಪ್ಯೂಟರೋ ಕಲಿಯಲು, ಬಿಡುವಿನಲ್ಲಿ ಸೇರಲು ಬರುವ ಜಾಗ. ಆ ತಿಂಗಳು ಅದೇ ಮತಗಟ್ಟೆ. ಬಯಾನಿಹಾನ್ ಎಂಬ ಪದದ ಅರ್ಥ ಕೇಳಿ, ನಿಮಗೆ ಇಷ್ಟವಾಗುತ್ತದೆ. ಅವರ ಹಳ್ಳಿಗಳಲ್ಲಿ ಬಿದಿರು, ಗರಿಯ ಹಗುರ ಮನೆಗಳು. ಯಾರಾದರೂ ಜಾಗ ಬದಲಾಯಿಸಬೇಕಾದರೆ ನೆರೆಹೊರೆಯವರೆಲ್ಲ ಸೇರಿ ಬೊಂಬು ಕೊಟ್ಟು ಇಡೀ ಮನೆಯನ್ನೇ ಹೆಗಲ ಮೇಲೆ ಹೊತ್ತು ಸಾಗಿಸುತ್ತಿದ್ದರಂತೆ. ಕೂಲಿಯಿಲ್ಲ, ಊಟ ಉಂಟು. ನಮ್ಮ ಕಡೆಯ ಮುಯ್ಯಾಳಿನ ಹಾಗೆ, ಅಲ್ಲವೇ?

ಸಾಲಿನಲ್ಲಿ ಮೂರು ಗಂಟೆ

ಅಬ್ಬಾ, ಆ ಸಾಲು! ಕಟ್ಟಡದಿಂದ ಹೊರಟು ಕಾಲುದಾರಿಯುದ್ದಕ್ಕೂ ಸುತ್ತಿಕೊಂಡು ಬಂದಿತ್ತು. ತುಂತುರು ಮಳೆ ಬೇರೆ. ನೂರಾರು ಕೊಡೆಗಳು. ಹತ್ತು ಹದಿನೈದು ವರ್ಷದಿಂದ ಇದೇ ಊರಿನಲ್ಲಿರುವವರು, ನಿನ್ನೆ ಮೊನ್ನೆ ಬಂದ ಹುಡುಗಿಯರು, ಬಿಳಿಕೂದಲಿನ ಅಜ್ಜಿಯರು. ನಮ್ಮ ಮುಂದೆ ನಿಂತಿದ್ದಾಕೆ ಮೇಲಿಂದ ಮೇಲೆ ಗಡಿಯಾರ ನೋಡುತ್ತಿದ್ದಳು. ಅವಳ ಯಜಮಾನಿ ಸಂಜೆ ಊಟದ ಹೊತ್ತಿಗೆ ಮನೆಯಲ್ಲಿರಲೇಬೇಕು ಅಂದಿದ್ದಳಂತೆ. ಹಿಂದಿನ ಭಾನುವಾರವೂ ಬಂದು, ಸಾಲು ನೋಡಿ, ಹೊತ್ತು ಸಾಲದೆ ವಾಪಸು ಹೋದವಳು. ‘‘ಇವತ್ತು ಬೈದರೂ ಸರಿ, ಹಾಕಿಯೇ ಹೋಗುತ್ತೇನೆ’’ ಅಂದಳು.

ಸಾಲಿನಲ್ಲಿ ಹಸಿವಾದರೆ? ಅದಕ್ಕೂ ಏರ್ಪಾಡಿತ್ತು. ನಮ್ಮಾಕೆ ಬೆಳಗ್ಗೆ ಎದ್ದು ‘ತುರೋನ್’ ಕರಿದು ಡಬ್ಬಿಗೆ ತುಂಬಿದ್ದಳು. ಗಟ್ಟಿಯಾದ ಬಾಳೆಹಣ್ಣನ್ನು ಉದ್ದಕ್ಕೆ ಸೀಳಿ, ಕಂದು ಸಕ್ಕರೆಯಲ್ಲಿ ಹೊರಳಿಸಿ, ಜೊತೆಗೊಂದು ಎಳೆ ಹಲಸಿನ ಹಣ್ಣಿಟ್ಟು, ತೆಳ್ಳನೆಯ ಹಾಳೆಯಲ್ಲಿ ಸುತ್ತಿ ಎಣ್ಣೆಯಲ್ಲಿ ಕರಿಯುವುದು. ಸಕ್ಕರೆ ಕರಗಿ ಮೇಲೆಲ್ಲ ಗರಿಗರಿ ಪಾಕ. ಹಲಸಿನ ಕಾಲದಲ್ಲಿ ನೀವೂ ಮಾಡಿ ನೋಡಿ. ನಾನು ಊರಿಗೆ ಬಂದ ಮೇಲೆ ನೇಂದ್ರಬಾಳೆ, ಬೆಲ್ಲದ ಪುಡಿ, ತೆಳ್ಳಗೆ ಲಟ್ಟಿಸಿದ ಮೈದಾ ಹಾಳೆಯಲ್ಲಿ ಮಾಡಿದೆ. ಒಂದೂ ಉಳಿಯಲಿಲ್ಲ.

ಮೂರು ಗಂಟೆ ಕಾದ ಮೇಲೆ ಅವಳ ಸರದಿ ಬಂತು. ನನಗೆ ಒಳಗೆ ಪ್ರವೇಶವಿಲ್ಲ. ಅವಳ ಚೀಲ, ಕೊಡೆ ಹಿಡಿದು ಹೊರಗೆ ನಿಂತೆ. ಬಂದ ಮೇಲೆ ಎಲ್ಲ ವಿವರಿಸಿದಳು. ಮೊಳದುದ್ದದ ಕಾಗದ. ರಾಷ್ಟ್ರಾಧ್ಯಕ್ಷ ಒಬ್ಬರು, ಉಪಾಧ್ಯಕ್ಷ ಒಬ್ಬರು, ಐವತ್ತು ಅಭ್ಯರ್ಥಿಗಳಲ್ಲಿ ಹನ್ನೆರಡು ಸೆನೆಟರುಗಳು, ಒಂದು ಪಕ್ಷಪಟ್ಟಿ. ಬೇಕಾದ ಹೆಸರಿನ ಪಕ್ಕದ ಸೊನ್ನೆಗೆ ಮಸಿ ತುಂಬಿ ಯಂತ್ರದ ಬಾಯಿಗೆ ಕೊಡಬೇಕು. ಊರಿನ ಮೇಯರು, ಪ್ರಾಂತ್ಯದ ಗವರ್ನರು ಮುಂತಾದವರನ್ನು ಆರಿಸುವ ಹಕ್ಕು ಮಾತ್ರ ಹೊರದೇಶದವರಿಗಿಲ್ಲ. ‘‘ನಮ್ಮೂರ ಚರಂಡಿಗೆ ನನ್ನ ಓಟಿಲ್ಲ, ದೇಶಕ್ಕೆ ಮಾತ್ರ ಇದೆ’’ ಅಂತ ನಕ್ಕಳು.

ಯಾರಿಗೆ ಹಾಕಿದಳೆಂದು ನಾನು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಬಲಗೈ ತೋರುಬೆರಳಿನ ಉಗುರಿಗೆ ಹಚ್ಚಿದ ಶಾಯಿ ತೋರಿಸಿದಳು. ನಮ್ಮಲ್ಲೂ ಹೀಗೆಯೇ, ಎಡಗೈಗೆ ಹಚ್ಚುತ್ತಾರೆ, ಅದು ತಯಾರಾಗುವುದು ನಮ್ಮ ಮೈಸೂರಿನಲ್ಲೇ ಅಂದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಬಣ್ಣದ ಕಾರ್ಖಾನೆ ಅದು. 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಈ ಶಾಯಿ ಒದಗಿಸುತ್ತಿದೆ, ಹಲವು ಹೊರದೇಶಗಳಿಗೂ ಕಳುಹಿಸುತ್ತದೆ. ಅವಳು ತನ್ನ ಬೆರಳಿನ ಫೋಟೋ ತೆಗೆದು ಮಗನಿಗೆ ಕಳುಹಿಸಿದಳು. ‘‘ಮುಂದಿನ ಸಲ ಅವನೂ ಹಾಕುತ್ತಾನೆ. ಅವನು ಅಲ್ಲಿ, ನಾನು ಇಲ್ಲಿ’’ ಅಂದಳು. ಆಮೇಲೆ ಸ್ವಲ್ಪ ಹೊತ್ತು ಸಮುದ್ರದ ಕಡೆ ನೋಡಿ, ‘‘ನನ್ನ ಮಗಳು ಮಾತ್ರ ಇಲ್ಲಿಗೆ ಬಂದು ಈ ಸಾಲಿನಲ್ಲಿ ನಿಲ್ಲಬಾರದಮ್ಮಾ. ಅದಕ್ಕೇ ಹಾಕುವುದು’’ ಅಂದಳು.

ರಟ್ಟಿನ ಮೇಲಿನ ಸಭೆ

ಮುಂದಿನ ಭಾನುವಾರ, ಏಪ್ರಿಲ್ 24ರಂದು, ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳ ಕೊನೆಯ ಚರ್ಚೆ. ಅಲ್ಲಿ ಅಭ್ಯರ್ಥಿಗಳನ್ನು ಒಂದೇ ವೇದಿಕೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ, ದೇಶವೆಲ್ಲ ಟಿ.ವಿ.ಯಲ್ಲಿ ನೋಡುತ್ತದೆ. ಸೆಂಟ್ರಲ್‌ನ ರಟ್ಟುಗಳ ಮೇಲೆ ಒಂದೊಂದು ಫೋನಿಗೆ ಆರೆಂಟು ತಲೆ! ಒಂದು ಗುಂಪು ಚಪ್ಪಾಳೆ ತಟ್ಟಿದರೆ ಪಕ್ಕದ ಗುಂಪು ‘ಊ...’ ಅನ್ನುತ್ತಿತ್ತು. ಜಗಳವೂ ಆಯಿತು, ಆಮೇಲೆ ಒಂದೇ ಡಬ್ಬಿಯಿಂದ ತಿಂದದ್ದೂ ಆಯಿತು. ಇವರಲ್ಲಿ ಹಲವರು ಡಿಗ್ರಿ ಓದಿದವರು, ಊರಿನಲ್ಲಿ ಉಪಾಧ್ಯಾಯಿನಿಯರಾಗಿದ್ದವರು. ಅಲ್ಲಿನ ಸಂಬಳಕ್ಕಿಂತ ಇಲ್ಲಿನ ಮನೆಗೆಲಸದ ಸಂಬಳ ಹೆಚ್ಚೆಂದು ಬಂದವರು. ‘‘ಹೊರದೇಶಕ್ಕೆ ಹೋಗದೆ ಬದುಕುವ ಹಾಗೆ ಯಾರು ಮಾಡುತ್ತಾರೆ?’’ ಎಂಬ ಪ್ರಶ್ನೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತಿತ್ತು.

ಮೇ 9ರ ರಾತ್ರಿ ಅವಳಿಗೆ ನಿದ್ದೆಯಿಲ್ಲ. ರೊಡ್ರಿಗೊ ದುತೆರ್ತೆ ರಾಷ್ಟ್ರಾಧ್ಯಕ್ಷರಾಗುವುದು ಬೇಗನೇ ತಿಳಿಯಿತು. ಉಪಾಧ್ಯಕ್ಷ ಸ್ಥಾನದ ಎಣಿಕೆ ಮಾತ್ರ ದಿನಗಟ್ಟಲೆ ಎಳೆಯಿತು. ಕೊನೆಗೆ ಲೆನಿ ರೊಬ್ರೆಡೊ ಎಂಬ ಮಹಿಳೆ ಸುಮಾರು 2 ಲಕ್ಷ 63 ಸಾವಿರ ಮತಗಳಿಂದ ಗೆದ್ದರು. ಆ ಸಲ ಹೊರದೇಶಗಳಲ್ಲಿ ಹೆಸರು ಬರೆಸಿಕೊಂಡಿದ್ದವರು ಹದಿಮೂರು ಲಕ್ಷಕ್ಕೂ ಹೆಚ್ಚು, ಮತ ಹಾಕಿದವರು ನಾಲ್ಕು ಲಕ್ಷಕ್ಕೂ ಹೆಚ್ಚು. ಗೆಲುವಿನ ಅಂತರಕ್ಕಿಂತ ಇವರ ಮತಗಳೇ ಹೆಚ್ಚು! ‘ನನ್ನ ಒಂದು ಓಟಿನಿಂದ ಏನಾಗುತ್ತದೆ’ ಅನ್ನುವವರು ಈ ಲೆಕ್ಕವನ್ನು ನೆನಪಿಡಬೇಕು.

ಕಾದು ಪಡೆದ ಹಕ್ಕು

ಈ ಹಕ್ಕೇನೂ ಅವರಿಗೆ ಸುಲಭವಾಗಿ ಬರಲಿಲ್ಲ. ಹೊರದೇಶದಲ್ಲಿರುವ ಪ್ರಜೆಗಳಿಗೂ ಮತದಾನದ ಏರ್ಪಾಡು ಮಾಡಬೇಕೆಂದು 1987ರ ಅವರ ಸಂವಿಧಾನವೇ ಹೇಳಿತ್ತು. ಕಾನೂನು ಬಂದದ್ದು ಮಾತ್ರ 2003ರಲ್ಲಿ, ಹದಿನಾರು ವರ್ಷ ಕಳೆದ ಮೇಲೆ! ಮೊದಲ ಸಲ ಮತ ಹಾಕಿದ್ದು 2004ರಲ್ಲಿ. ಅದಕ್ಕೂ ಹಿಂದಿನ ಕಥೆ ಇನ್ನೂ ಸ್ವಾರಸ್ಯ. ಆ ದೇಶದ ಹೆಂಗಸರಿಗೆ ಮತದ ಹಕ್ಕು ಬೇಕೋ ಬೇಡವೋ ಎಂದು 1937ರ ಏಪ್ರಿಲ್ 30ರಂದು ಹೆಂಗಸರನ್ನೇ ಕೇಳಿದರು. ಮೂರು ಲಕ್ಷ ಮಂದಿ ‘ಬೇಕು’ ಅಂದರೆ ಮಾತ್ರ ಕೊಡುವುದೆಂಬ ಷರತ್ತು. ನಾಲ್ಕು ಲಕ್ಷ 47 ಸಾವಿರಕ್ಕೂ ಹೆಚ್ಚು ಮಂದಿ ‘ಬೇಕು’ ಅಂದರು.

ನಮಗೆ ಆ ಪರೀಕ್ಷೆ ಇರಲಿಲ್ಲ. 1951-52ರ ಮೊದಲ ಚುನಾವಣೆಯಲ್ಲೇ ಹೆಂಗಸರಿಗೂ ಗಂಡಸರಿಗೂ ಸಮನಾಗಿ ಮತ. ಆದರೂ ಆಗ ಸುಮಾರು 28 ಲಕ್ಷ ಹೆಂಗಸರು, ಹೆಚ್ಚಾಗಿ ಉತ್ತರದ ರಾಜ್ಯಗಳವರು, ಪಟ್ಟಿಯಿಂದ ಬಿಟ್ಟುಹೋದರು. ಕಾರಣವೇನು ಗೊತ್ತೇ? ಅವರು ತಮ್ಮ ಹೆಸರು ಹೇಳಲಿಲ್ಲ! ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದ್ದರು. ಮತದಾರರ ಪಟ್ಟಿಯಲ್ಲಿ ನಾನು ಒಂದು ಹೆಸರು ಎಂದ ಆ ಹೆಂಗಸಿನ ಮಾತಿನ ತೂಕ ಈಗ ಗೊತ್ತಾಯಿತಲ್ಲ?

ನಮ್ಮ ಮಕ್ಕಳ ಮತ

ನಿಮ್ಮ ಮಗನೋ ಮಗಳೋ ಹೊರದೇಶದಲ್ಲಿದ್ದರೆ ಈಗ ನಿಮಗೆ ಬಂದಿರುವ ಪ್ರಶ್ನೆಯೇ ಅಂದು ನನಗೂ ಬಂತು. ನಮ್ಮವರಿಗೆ ಇಂಥ ಏರ್ಪಾಡು ಇಲ್ಲವೇ? ಮಗಳು ನಗುತ್ತಾ ಅಂದಳು, ‘‘ಈ ಮನೆಯಲ್ಲಿ ಪರದೇಶಿ ಹೆಂಗಸರು ಇಬ್ಬರು. ಓಟು ಹಾಕಲು ಒಬ್ಬಳಿಗೆ ಟ್ರಾಮ್ ಚಾರ್ಜು ಸಾಕು, ಇನ್ನೊಬ್ಬಳಿಗೆ ವಿಮಾನದ ಚಾರ್ಜು ಬೇಕು!’’

ಮಾತು ನಿಜ. ಮೊದಲೆಲ್ಲ ಹೊರದೇಶಕ್ಕೆ ಹೋಗಿ ಆರು ತಿಂಗಳು ಕಳೆದರೆ ಪಟ್ಟಿಯಲ್ಲಿ ಹೆಸರೇ ಉಳಿಯುವಂತಿರಲಿಲ್ಲ. 2010ರಲ್ಲಿ ಕಾನೂನು ತಿದ್ದಿ, 2011ರಿಂದ ಅವರಿಗೂ ಹೆಸರು ಬರೆಸುವ ಅವಕಾಶ ಕೊಟ್ಟರು. ಆದರೆ ಮತ ಹಾಕಲು ಸ್ವತಃ ಊರಿಗೇ ಬರಬೇಕು. ಬದಲಿಗೆ ಇನ್ನೊಬ್ಬರ ಕೈಯಲ್ಲಿ ಹಾಕಿಸುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಒಪ್ಪಿಗೆ ಪಡೆದರೂ ಮರುವರ್ಷ ಆ ಸಭೆಯ ಅವಧಿ ಮುಗಿದು ಬಿದ್ದುಹೋಯಿತು. ಅಂಚೆಯ ಮೂಲಕ ಕೊಡಬಹುದೆಂದು 2020ರಲ್ಲಿ ಚುನಾವಣಾ ಆಯೋಗ ಸೂಚಿಸಿತು, ಅದೂ ಜಾರಿಗೆ ಬಂದಿಲ್ಲ.

ಹೀಗಾಗಿ 2024ರ ಲೋಕಸಭಾ ಚುನಾವಣೆಯಲ್ಲಿ ದೇಶಕ್ಕೆಲ್ಲ ಸೇರಿ ಹೆಸರು ಬರೆಸಿದ್ದ ಹೊರದೇಶದವರು ಸುಮಾರು 1 ಲಕ್ಷ 19 ಸಾವಿರ. ಬಂದು ಮತ ಹಾಕಿದವರು ಮೂರು ಸಾವಿರವೂ ಇಲ್ಲ. ಅವರಲ್ಲೂ ಹೆಚ್ಚಿನವರು ಕೇರಳದವರು, ಗಲ್ಫಿನಿಂದ ಗುಂಪುಗುಂಪಾಗಿ ವಿಮಾನ ಹತ್ತಿ ಬಂದವರು. ನಮ್ಮ ಮಗಳು ಹೆಸರೇನೋ ಬರೆಸಿದ್ದಾಳೆ. ಆದರೆ ನಮ್ಮ ಚುನಾವಣೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ಹಾಂಗ್‌ಕಾಂಗಿನ ಶಾಲೆಗಳಿಗೆ ಬೇಸಿಗೆ ರಜೆಯಿಲ್ಲ. 2018ರಲ್ಲೂ 2023ರಲ್ಲೂ ವಿಧಾನಸಭೆಯ ಫಲಿತಾಂಶದ ದಿನ ಗಳಿಗೆಗೊಮ್ಮೆ ಫೋನು ಮಾಡಿ, ‘‘ಅಮ್ಮಾ, ನಮ್ಮ ತಾಲ್ಲೂಕಿನದು ಏನಾಯ್ತು?’’ ಅಂತ ಕೇಳಿದವಳು ಅವಳು. ಊರಿನಲ್ಲೇ ಇದ್ದ ನಮ್ಮ ಬೀದಿಯ ಎಷ್ಟೋ ಜನ ಅಷ್ಟು ಕಾತರಪಟ್ಟಿರಲಿಕ್ಕಿಲ್ಲ!

ಮಾಡಬೇಕಾದದ್ದು ಇಷ್ಟು

ಹೊರದೇಶದಲ್ಲಿರುವ ನಿಮ್ಮ ಮಕ್ಕಳು ಅಲ್ಲಿನ ಪೌರತ್ವ ತೆಗೆದುಕೊಂಡಿರದಿದ್ದರೆ ನಮೂನೆ 6ಎ ತುಂಬಲು ಹೇಳಿ. ಶುಲ್ಕವಿಲ್ಲ. ಚುನಾವಣಾ ಆಯೋಗದ ಜಾಲತಾಣದಲ್ಲೇ ತುಂಬಬಹುದು, ಅಂಚೆಯಲ್ಲೂ ಕಳುಹಿಸಬಹುದು. ಫೋಟೋ, ಪಾಸ್‌ಪೋರ್ಟಿನ ಮತ್ತು ವೀಸಾದ ಪ್ರತಿ ಬೇಕು. ಪಾಸ್‌ಪೋರ್ಟಿನಲ್ಲಿ ಯಾವ ಊರಿನ ವಿಳಾಸವಿದೆಯೋ ಆ ಊರಿನ ಪಟ್ಟಿಗೆ ಹೆಸರು ಸೇರುತ್ತದೆ. ಇವರಿಗೆ ಗುರುತಿನ ಚೀಟಿ ಕೊಡುವುದಿಲ್ಲ, ಮತಗಟ್ಟೆಯಲ್ಲಿ ಅಸಲು ಪಾಸ್‌ಪೋರ್ಟು ತೋರಿಸಿದರಾಯಿತು. ರಜೆಗೆ ಬರುವುದು ಹೇಗೂ ಇದ್ದರೆ, ಚುನಾವಣೆಯ ವರ್ಷ ದಿನಾಂಕ ನೋಡಿಕೊಂಡು ಟಿಕೆಟ್ ತೆಗೆಸಿ. ಮುಂದೆಂದಾದರೂ ಕಾಯಂ ಆಗಿ ಊರಿಗೆ ಮರಳಿದರೆ ನಮೂನೆ 6ರಲ್ಲಿ ಹೊಸದಾಗಿ ಅರ್ಜಿ ಹಾಕಬೇಕು.

ಆತೆಯ ಸುದ್ದಿ ಹೇಳದಿದ್ದರೆ ನೀವು ಬಿಡುವುದಿಲ್ಲ. ಅವಳು ಇನ್ನೂ ಹಾಂಗ್‌ಕಾಂಗಿನಲ್ಲೇ ಇದ್ದಾಳೆ. 2022ರಲ್ಲಿ ಕೋವಿಡ್ ನಿಯಮಗಳ ನಡುವೆ ಅದೇ ಕೆನೆಡಿ ಟೌನಿನಲ್ಲಿ ಮತ್ತೆ ಸಾಲು ನಿಂತು ಮತ ಹಾಕಿದಳು. ಅದೇ ಮೇ ತಿಂಗಳಲ್ಲಿ ಇಪ್ಪತ್ತು ವರ್ಷದ ಮಗ ಹಳ್ಳಿಯ ಶಾಲೆಯಲ್ಲಿ ಮೊದಲ ಮತ ಹಾಕಿದ. 2025ರ ಚುನಾವಣೆಯಿಂದ ಹೊರದೇಶದವರು ಫೋನಿನಲ್ಲೇ, ಅಂತರ್ಜಾಲದ ಮೂಲಕ ಮತ ಹಾಕುವ ವ್ಯವಸ್ಥೆ ಬಂದಿದೆ. ‘‘ಈ ಸಲ ಅಡಿಗೆಮನೆಯಲ್ಲೇ ಆಯಿತಮ್ಮಾ. ಭಾನುವಾರ ಪೂರ್ತಿ ನನಗೇ ಉಳಿಯಿತು. ಆದರೆ ಬೆರಳಿಗೆ ಶಾಯಿಯಿಲ್ಲ, ತುರೋನ್ ತಿನ್ನಲು ಸಾಲಿನ ಗೆಳತಿಯರೂ ಇಲ್ಲ’’ ಎಂದು ಮಗಳ ಫೋನಿನಲ್ಲಿ ನನಗೆ ಹೇಳಿದಳು. ಮಗಳು ಹೈಸ್ಕೂಲು ಮುಗಿಸಿ ಊರಿನ ಹತ್ತಿರವೇ ನರ್ಸಿಂಗ್ ಓದುತ್ತಿದ್ದಾಳಂತೆ. ಮುಂದೆ ಅಲ್ಲೇ ಕೆಲಸ ಸಿಗುತ್ತದೋ, ಅವಳೂ ವಿಮಾನ ಹತ್ತುತ್ತಾಳೋ ಎಂಬ ಚಿಂತೆ ಈ ತಾಯಿಗೆ ಇದ್ದೇ ಇದೆ.

ಇನ್ನು ನಿಮ್ಮ ವಿಷಯ. ಮತಗಟ್ಟೆ ನಮ್ಮ ಬೀದಿಯ ಕೊನೆಯ ಶಾಲೆಯಲ್ಲೇ ಇರುತ್ತದೆ. ಆದರೂ ಮತದಾನದ ದಿನ ನಮಗೆ ತಿಂಡಿ, ಬಟ್ಟೆ, ನೆಂಟರು, ನೂರೆಂಟು ಕೆಲಸ. ‘ಸಂಜೆ ಹೋದರಾಯಿತು’ ಎಂದುಕೊಂಡು ಸಂಜೆಗೆ ಬಾಗಿಲು ಹಾಕಿಸಿಕೊಂಡವರು ನಮ್ಮಲ್ಲಿ ಎಷ್ಟಿಲ್ಲ! ಚುನಾವಣೆ ಬರುವ ತನಕ ಕಾಯಬೇಡಿ. ಈ ವಾರವೇ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ, ಅಕ್ಷರ ಸರಿಯಿದೆಯೇ ನೋಡಿಸಿ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನಲ್ಲೇ ಉಳಿದಿದ್ದರೆ ವರ್ಗಾಯಿಸಲು ನಮೂನೆ 8 ಕೊಡಿಸಿ. ಮತದಾನದ ದಿನ ಬೆಳಗ್ಗೆ ಹಾಲು ಕಾಯಿಸಿಟ್ಟು ಮೊದಲು ಅಲ್ಲಿಗೆ ಹೋಗಿ ಬನ್ನಿ. ಉಪ್ಪಿಟ್ಟು ಬಂದ ಮೇಲೂ ಮಾಡಬಹುದು.